ಸೈನಿಕನ ಬಾಕಿ, ಸರ್ಕಾರದ ತಾರೀಖು

ಅಧ್ಯಕ್ಷರೇ, ಮುಂದಿನ ಸಾಲಿನಲ್ಲಿ ಪದಕ ಧರಿಸಿ ಕುಳಿತಿರುವ ಮಾಜಿ ಸೈನಿಕರೇ, ಸ್ನೇಹಿತರೇ,

ನನಗಿಂತ ಮೊದಲು ಮಾತಾಡಿದವರು, 'ಗಡಿ ಕಾದವರು ಬೀದಿಗಿಳಿದು ಹಣ ಕೇಳುವುದು ಶೋಭೆಯಲ್ಲ' ಅಂದರು. ಅವರ ಮೇಲಿನ ಗೌರವ ಇಟ್ಟುಕೊಂಡೇ ಕೇಳುತ್ತೇನೆ: ಅವರನ್ನು ಬೀದಿಗಿಳಿಸಿದ್ದು ಯಾರಿಗೆ ಶೋಭೆ? ಯುದ್ಧ ನಡೆಯುವಾಗ ಮಾತು ಕೊಡುವುದರಲ್ಲಿ ಯಾವ ಸರ್ಕಾರವೂ ಜಿಪುಣತನ ತೋರಿಸುವುದಿಲ್ಲ. ಯುದ್ಧ ಮುಗಿದ ಮೇಲೆ 'ಕೊಡುವುದಿಲ್ಲ' ಅಂತಲೂ ಹೇಳುವುದಿಲ್ಲ. ತಾರೀಖು ಮುಂದಕ್ಕೆ ಹಾಕುತ್ತದೆ, ಅಷ್ಟೇ.

ರೋಮಿನಿಂದ ಶುರು ಮಾಡುತ್ತೇನೆ, ಗಾಬರಿಯಾಗಬೇಡಿ, ಬೇಗ ಮುಗಿಸುತ್ತೇನೆ. ಚಕ್ರವರ್ತಿ ಅಗಸ್ಟಸ್ ಸೈನಿಕರಿಗೆ 20 ವರ್ಷದ ಸೇವೆ, ಕೊನೆಗೆ 3,000 ದಿನಾರಿಯಸ್ ಬೆಳ್ಳಿ ನಾಣ್ಯ ಅಂತ ನಿಗದಿ ಮಾಡಿದ್ದ. ಕ್ರಿ.ಶ. 14ರಲ್ಲಿ ಅವನು ಸತ್ತಾಗ, ನಾವು 30 ವರ್ಷ ದುಡಿದಿದ್ದೇವೆ ಅನ್ನುವವರೂ ಇನ್ನೂ ದಂಡಿನಲ್ಲೇ ಇದ್ದರು. ರೈನ್ ನದಿಯ ದಂಡೆಯಲ್ಲಿ ದಂಗೆ ಎದ್ದಿತು. ಸಮಾಧಾನ ಹೇಳಲು ಬಂದ ಸೇನಾಪತಿ ಜರ್ಮಾನಿಕಸ್‌ನ ಕೈಗೆ ಮುತ್ತಿಡುವವರಂತೆ ಬಾಗಿ, ಕೆಲವರು ಅವನ ಬೆರಳನ್ನು ತಮ್ಮ ಬಾಯೊಳಗೆ ಹಾಕಿಕೊಂಡರಂತೆ. ಮುಟ್ಟಿ ನೋಡು ಸ್ವಾಮಿ, ಒಂದು ಹಲ್ಲೂ ಉಳಿದಿಲ್ಲ! ಮೂರು ಪ್ರತಿಗಳಲ್ಲಿ ಅರ್ಜಿ ಹಾಕುವುದಕ್ಕಿಂತ ಇದೇ ವಾಸಿ.

1783ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂಬಳದ ಬಾಕಿ ಕೇಳಿ ಸೈನಿಕರು ಅಮೆರಿಕದ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಸಭೆ ಸೇರಿದ್ದ ಕಟ್ಟಡವನ್ನೇ ಸುತ್ತುವರಿದರು. ಕಾಂಗ್ರೆಸ್ ಏನು ಮಾಡಿತು? ಪ್ರಿನ್ಸ್‌ಟನ್ನಿಗೆ ಓಡಿತು! ಯಾವ ರಾಜ್ಯದ ಹಂಗಿಗೂ ಬೀಳದ ರಾಜಧಾನಿ ಬೇಕು ಎಂಬ ವಾದಕ್ಕೆ ಈ ಘಟನೆಯೂ ಬಲ ಕೊಟ್ಟಿತು. ಹಾಗೆ ಎದ್ದ ವಾಷಿಂಗ್ಟನ್ನಿಗೂ ಸೈನಿಕರು ಬಂದರು, 1932ರಲ್ಲಿ. ಈ ಕತೆ ಸ್ವಲ್ಪ ಉದ್ದ, ಸಹಿಸಿಕೊಳ್ಳಬೇಕು.

ಮೊದಲ ಮಹಾಯುದ್ಧದಲ್ಲಿ ಹೋರಾಡಿದವರಿಗಾಗಿ 1924ರಲ್ಲಿ ಕಾನೂನಾಯಿತು. ದೇಶದೊಳಗಿನ ಸೇವೆಗೆ ದಿನಕ್ಕೆ 1 ಡಾಲರ್, ಹೊರಗಿನ ಸೇವೆಗೆ 1.25 ಡಾಲರ್. ಆದರೆ 50 ಡಾಲರಿಗಿಂತ ಹೆಚ್ಚು ಬರಬೇಕಾದವರ ಕೈಗೆ ಸಿಕ್ಕಿದ್ದು ಬರೀ ಪ್ರಮಾಣಪತ್ರ. ಹಣ ಯಾವಾಗ? 1945ಕ್ಕೆ. ಬಂತಲ್ಲ ತಾರೀಖು! ಅಷ್ಟರೊಳಗೆ ಸತ್ತರೆ ಹಣ ಮನೆಯವರಿಗೆ. 'ಗೋರಿಕಲ್ಲಿನ ಬೋನಸ್' ಅಂತ ಜನ ನಕ್ಕರು.

ಆಮೇಲೆ ಆರ್ಥಿಕ ಮಹಾಕುಸಿತ ಬಂತು, ಕೆಲಸ ಹೋಯಿತು. ಓರೆಗಾನ್‌ನ ಪೋರ್ಟ್‌ಲ್ಯಾಂಡ್‌ನಿಂದ ವಾಲ್ಟರ್ ವಾಟರ್ಸ್ ಎಂಬ ಮಾಜಿ ಸಾರ್ಜೆಂಟ್ ಸುಮಾರು 300 ಜನರನ್ನು ಕಟ್ಟಿಕೊಂಡು ಗೂಡ್ಸ್ ರೈಲು ಹತ್ತಿದ. ರಾಜಧಾನಿ ಮುಟ್ಟುವ ಹೊತ್ತಿಗೆ ಎಲ್ಲೆಲ್ಲಿಂದಲೋ ಸಾವಿರಾರು ಜನ ಸೇರಿದ್ದರು, ಹೆಂಡತಿ ಮಕ್ಕಳ ಸಮೇತ. ಅನಕೋಸ್ಟಿಯಾ ನದಿಯ ಬಯಲಿನಲ್ಲಿ ತಗಡು, ಹಲಗೆ ಜೋಡಿಸಿ ಗುಡಿಸಲು ಹಾಕಿದರು. ಸೈನ್ಯದಲ್ಲಿ ಬೇರೆ ಬೇರೆ ತುಕಡಿಗಳಲ್ಲಿದ್ದ ಕರಿಯರೂ ಬಿಳಿಯರೂ ಇಲ್ಲಿ ಒಟ್ಟಿಗೆ ಉಂಡರು. ಪೊಲೀಸ್ ಮುಖ್ಯಸ್ಥ ಗ್ಲಾಸ್‌ಫರ್ಡ್ ತಾನೂ ಹಳೆಯ ಸೈನಿಕ. ಇವರ ಊಟಕ್ಕೆ ಸ್ವಂತ ಹಣ ಹಾಕಿದ. ಬೋನಸ್ ಈಗಲೇ ಕೊಡಬೇಕೆಂಬ ಮಸೂದೆಯನ್ನು ಜೂನ್ 17ರಂದು ಕಾಂಗ್ರೆಸ್ಸಿನ ಮೇಲ್ಮನೆ ಸೆನೆಟ್ 62–18 ಮತಗಳಿಂದ ಸೋಲಿಸಿತು. ಹೊರಗೆ ನಿಂತಿದ್ದ ಸಾವಿರಾರು ಜನ ಕಲ್ಲೆಸೆಯಲಿಲ್ಲ, ದೇಶಭಕ್ತಿ ಗೀತೆ ಹಾಡಿ ಗುಡಿಸಲಿಗೆ ಮರಳಿದರು.

ಜುಲೈ 28ರಂದು ಇವರನ್ನು ತೆರವು ಮಾಡಿಸಲು ಹೋದ ಪೊಲೀಸರ ಗುಂಡಿಗೆ ಇಬ್ಬರು ಬಿದ್ದರು. ಸಂಜೆ ಜನರಲ್ ಮೆಕಾರ್ಥರ್ ಟ್ಯಾಂಕು, ಕುದುರೆ, ಅಶ್ರುವಾಯು ಸಮೇತ ಬಂದ. ಕುದುರೆ ದಳದಲ್ಲಿ ಮೇಜರ್ ಪ್ಯಾಟನ್ ಇದ್ದ. 1918ರಲ್ಲಿ ಫ್ರಾನ್ಸಿನಲ್ಲಿ ಗುಂಡು ತಿಂದು ಬಿದ್ದಿದ್ದ ಈ ಪ್ಯಾಟನ್‌ನನ್ನು ಎಳೆದು ಗುಂಡಿಯೊಳಗೆ ಹಾಕಿ ಜೀವ ಉಳಿಸಿದವನು ಜೋ ಆಂಜೆಲೊ. ಅದಕ್ಕೆ ಅವನಿಗೆ ಪದಕವೂ ಸಿಕ್ಕಿತ್ತು. ಅದೇ ಆಂಜೆಲೊ ಈಗ ಬೋನಸ್ ಕೇಳುವವರ ಗುಂಪಿನಲ್ಲಿದ್ದ. ಗುಡಿಸಲುಗಳು ಸುಟ್ಟ ಮೇಲೆ ಮಾತಾಡಿಸಲು ಹೋದರೆ, ಇವನು ಯಾರೋ ನನಗೆ ಗೊತ್ತಿಲ್ಲ ಅಂತ ಪ್ಯಾಟನ್ ಸಾಗಹಾಕಿದನಂತೆ. ಪದಕ ಕೊಟ್ಟ ದಿನ ಗುರುತಿತ್ತು, ನೋಡಿ.

ಮರುವರ್ಷ ಮತ್ತೆ ಬಂದವರನ್ನು ನೋಡಲು ಅಮೆರಿಕದ ಹೊಸ ಅಧ್ಯಕ್ಷ ರೂಸ್‌ವೆಲ್ಟ್ ತಮ್ಮ ಪತ್ನಿ ಎಲಿನಾರ್ ಅವರನ್ನು ಕಳಿಸಿದರು. ಹಿಂದಿನ ಅಧ್ಯಕ್ಷ ಹೂವರ್ ಸೈನ್ಯ ಕಳಿಸಿದ, ಇವರು ಹೆಂಡತಿಯನ್ನು ಕಳಿಸಿದರು ಅಂತ ಸೈನಿಕರು ಮೆಚ್ಚಿಕೊಂಡರು. ಮೆಚ್ಚಿಕೊಳ್ಳಲಿ, ಆದರೆ ಬೋನಸ್ ಮಸೂದೆಯನ್ನು ಇದೇ ರೂಸ್‌ವೆಲ್ಟ್ ತಿರಸ್ಕರಿಸಿದರು! 1936ರಲ್ಲಿ ಕಾಂಗ್ರೆಸ್ ಅವರ ಮಾತು ಮೀರಿ ಹಣ ಕೊಟ್ಟಿತು. 1945ಕ್ಕೆ ಅಂದದ್ದು ಒಂಬತ್ತು ವರ್ಷ ಮೊದಲೇ ಬಂತು. ಸುಮ್ಮನೆ ಕೂತಿದ್ದರೆ ಬರುತ್ತಿತ್ತೇ? ತಾರೀಖನ್ನು ಹಿಂದಕ್ಕೆ ಎಳೆದದ್ದು ಆ ಗುಡಿಸಲುಗಳು.

ಅಧ್ಯಕ್ಷರ ಚೀಟಿ ಬಂತು, ಐದು ನಿಮಿಷವಂತೆ. ಹಾಗಾದರೆ ಘಾನಾ ಒಂದೇ ಮಾತಿನಲ್ಲಿ: 1948ರ ಫೆಬ್ರವರಿ 28ರಂದು ಅಕ್ರಾದಲ್ಲಿ, ಬ್ರಿಟಿಷರಿಗಾಗಿ ಹೋರಾಡಿ ಬಂದ ಮಾಜಿ ಸೈನಿಕರು ಗವರ್ನರಿಗೆ ಮನವಿ ಕೊಡಲು ಹೊರಟರು. ಗುಂಡು ಹಾರಿತು, ಮೂವರು ಸತ್ತರು, ಊರು ಹೊತ್ತಿ ಉರಿಯಿತು. ಒಂಬತ್ತು ವರ್ಷಕ್ಕೆ ಬ್ರಿಟಿಷರ ಆಳ್ವಿಕೆಯೇ ಮುಗಿಯಿತು.

ನಮ್ಮ ಒಂದು ಶ್ರೇಣಿ ಒಂದು ಪಿಂಚಣಿ ನಿಮಗೆಲ್ಲ ಗೊತ್ತಿರುವುದೇ: ಯಾವಾಗ ನಿವೃತ್ತರಾದರೂ ಒಂದೇ ಶ್ರೇಣಿಯಲ್ಲಿ ಅಷ್ಟೇ ವರ್ಷ ದುಡಿದವರಿಗೆ ಒಂದೇ ಪಿಂಚಣಿ. 2015ರಲ್ಲಿ ಜಂತರ್ ಮಂತರ್‌ನಲ್ಲಿ ಕೂತವರನ್ನು ಸ್ವಾತಂತ್ರ್ಯೋತ್ಸವದ ಹಿಂದಿನ ದಿನ ಪೊಲೀಸರು ಎಬ್ಬಿಸಲು ಹೋದರು. ಸೆಪ್ಟೆಂಬರ್ 5ಕ್ಕೆ ಘೋಷಣೆಯಾಯಿತು. ವರ್ಷಕ್ಕೊಮ್ಮೆ ಪರಿಷ್ಕರಣೆ ಕೇಳಿದವರಿಗೆ ಐದು ವರ್ಷಕ್ಕೊಮ್ಮೆ ಅಂದರು. 2022ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದು, 2019ರಿಂದಾದರೂ ಪರಿಷ್ಕರಿಸಿ, ಬಾಕಿಯನ್ನು ಮೂರು ತಿಂಗಳಲ್ಲಿ ಕೊಡಿ ಎಂದಿತು. ಸರ್ಕಾರ ಮತ್ತೆ ಸಮಯ ಕೇಳಿತು, ಮತ್ತೆ ಕೇಳಿತು. 2023ರ ಮಾರ್ಚ್‌ನಲ್ಲಿ ಕೋರ್ಟೇ ಕಂತು ಕಟ್ಟಿಕೊಟ್ಟಿತು: 70 ದಾಟಿದವರಿಗೆ ಜೂನ್ ಕೊನೆಯೊಳಗೆ, ಉಳಿದವರಿಗೆ 2024ರ ಫೆಬ್ರವರಿಯೊಳಗೆ. ಮೂರು ತಿಂಗಳು ಎರಡು ವರ್ಷವಾದದ್ದು ಹೀಗೆ.

ಗೂರ್ಖಾ ಸೈನಿಕರ ಕತೆ, ಫಿಲಿಪ್ಪೀನ್ಸ್‌ನ ಸೈನಿಕರ ಕತೆ ಹೇಳದೆ ಹಾಗೇ ಉಳಿಯಿತು. ಸಭೆ ಮುಗಿದ ಮೇಲೆ ಕೇಳುವವರಿದ್ದರೆ ಹೇಳುತ್ತೇನೆ. ನಮಸ್ಕಾರ.