ಅಡಿಕೆಗೆ ಹೋದ ಮಾನ, ಆನೆಗೆ ಹೋಗದ ಮಾನ

ಕೇಳುಗರಿಗೆ ನಮಸ್ಕಾರ.

ನನ್ನ ಹತ್ತಿರ ಒಂದು ಹಳೆಯ ನೋಟ್‌ಬುಕ್ ಇದೆ. ಪ್ರತಿ ಪುಟದ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದಿದ್ದೇನೆ. ದುಡ್ಡು, ಅಧಿಕಾರದ ನಂಟು ಎರಡೂ ಇರುವವರಿಗೆ ಜಗತ್ತಿನಲ್ಲಿ ಎಲ್ಲಾದರೂ ಜೈಲು ಶಿಕ್ಷೆ ಆದರೆ ಗೆರೆಯ ಎಡಕ್ಕೆ ಬರೆದುಕೊಳ್ಳುತ್ತೇನೆ. ಇಂಥವರಿಗೆ ಇಷ್ಟು ವರ್ಷ, ಅಂತ. ಬಲಗಡೆ ಖಾಲಿ ಬಿಡುತ್ತೇನೆ. ನಿಜವಾಗಿ ಎಷ್ಟು ದಿನ ಒಳಗಿದ್ದರು ಅನ್ನೋದನ್ನು ಅಲ್ಲಿ ಆಮೇಲೆ ತುಂಬಬೇಕು. ಎಡಗಡೆಯ ಸುದ್ದಿ ಮುಖಪುಟದಲ್ಲೇ ಸಿಗುತ್ತದೆ. ಬಲಗಡೆಯದನ್ನು ಒಳಪುಟಗಳಲ್ಲಿ ಹುಡುಕಬೇಕು. ಇವತ್ತು ಆ ನೋಟ್‌ಬುಕ್ಕಿನ ಮೂರು ನಾಲ್ಕು ಪುಟ ನಿಮ್ಮ ಮುಂದೆ ತೆರೆಯುತ್ತೇನೆ.

ಮೊದಲು ಅಮೆರಿಕ. 2019ರ ಮಾರ್ಚ್ 7. ವರ್ಜೀನಿಯಾದ ಫೆಡರಲ್ ಕೋರ್ಟಿಗೆ ಪಾಲ್ ಮ್ಯಾನಫೋರ್ಟ್ ಅವರನ್ನು ಗಾಲಿಕುರ್ಚಿಯಲ್ಲಿ ತಂದರು. ಅವರು ಡೊನಾಲ್ಡ್ ಟ್ರಂಪ್ ಅವರ 2016ರ ಚುನಾವಣಾ ಪ್ರಚಾರ ನಡೆಸಿದ್ದವರು. ತೆರಿಗೆ ವಂಚನೆ, ಬ್ಯಾಂಕ್ ವಂಚನೆ, ವಿದೇಶಿ ಖಾತೆ ಮುಚ್ಚಿಟ್ಟದ್ದು, ಎಲ್ಲ ಸೇರಿ ಎಂಟು ಆರೋಪಗಳು ಸಾಬೀತಾಗಿದ್ದವು. ಶಿಕ್ಷೆಯ ಮಾರ್ಗಸೂಚಿ ಹೇಳಿದ್ದು ಹತ್ತೊಂಬತ್ತೂವರೆಯಿಂದ 24 ವರ್ಷ. ನ್ಯಾಯಾಧೀಶರು ಕೊಟ್ಟಿದ್ದು 47 ತಿಂಗಳು. ನಾಲ್ಕು ವರ್ಷಕ್ಕೂ ಒಂದು ತಿಂಗಳು ಕಡಿಮೆ. ಇಂಥ ಕೇಸುಗಳಲ್ಲಿ ಬೇರೆಯವರಿಗೆ ಆದ ಶಿಕ್ಷೆ ನೋಡಿದರೆ ಮಾರ್ಗಸೂಚಿಯ ಲೆಕ್ಕ ತೀರಾ ಜಾಸ್ತಿ ಆಯಿತು, ಅಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಗಲಾಟೆ ಅರ್ಧ ಕಡಿಮೆ ಆಗುತ್ತಿತ್ತೋ ಏನೋ. ಇದೊಂದು ಬಿಟ್ಟರೆ ಈ ಮನುಷ್ಯನ ಬದುಕಿನಲ್ಲಿ ಕಳಂಕವಿಲ್ಲ ಅನ್ನೋ ಮಾತನ್ನೂ ಸೇರಿಸಿದರು.

ಆ ರಾತ್ರಿ ಜನ ಕೆರಳಿದರು. ಬಡವರ ಪರ ವಾದಿಸುವ ನ್ಯೂಯಾರ್ಕಿನ ವಕೀಲರೊಬ್ಬರು ತಮ್ಮ ಕಕ್ಷಿದಾರನ ಕತೆ ಹೇಳಿದರು. ಅವನ ಮೇಲಿದ್ದ ಆರೋಪ, ಜನ ಬಟ್ಟೆ ಒಗೆಯುವ ಮಷೀನ್ ಕೋಣೆಯಿಂದ 100 ಡಾಲರ್ ಚಿಲ್ಲರೆ ಕದ್ದ ಅಂತ. ತಪ್ಪು ಒಪ್ಪಿಕೋ, 36ರಿಂದ 72 ತಿಂಗಳು ಒಳಗಿರು, ಅಂತ ಸರ್ಕಾರದ ಕಡೆಯವರು ಅವನಿಗೆ ಹೇಳಿದ್ದರಂತೆ.

ಸ್ವಲ್ಪ ನಿಂತು ಲೆಕ್ಕ ಹಾಕೋಣ. ಅವು 25 ಸೆಂಟ್‌ನ ನಾಣ್ಯಗಳು. 100 ಡಾಲರ್ ಅಂದರೆ 400 ನಾಣ್ಯ. ತೂಗಿದರೆ ಸುಮಾರು ಎರಡೂಕಾಲು ಕಿಲೋ. ಜೇಬಿಗೆ ಹಾಕಿಕೊಂಡರೆ ಪ್ಯಾಂಟು ಜಾರುತ್ತದೆ, ನಡೆದರೆ ಝಣಝಣ ಅನ್ನುತ್ತದೆ. ಈ ಗಂಟಿಗೆ ಮೂರರಿಂದ ಆರು ವರ್ಷ. ಅಲ್ಲಿ ಕೋಟಿಗಟ್ಟಲೆ ಡಾಲರ್ ಸದ್ದಿಲ್ಲದೆ ಸಾಗಿದ್ದಕ್ಕೆ ನಾಲ್ಕು ವರ್ಷಕ್ಕೆ ಕಮ್ಮಿ.

ಜನರನ್ನು ಚುಚ್ಚಿದ್ದು 47 ಅನ್ನೋ ಸಂಖ್ಯೆ ಅಲ್ಲ ಅಂತ ನನಗನ್ನಿಸುತ್ತದೆ. 69 ವರ್ಷದ ಮನುಷ್ಯನಿಗೆ ನಾಲ್ಕು ವರ್ಷ ಜೈಲು ಸಣ್ಣದೇನಲ್ಲ. ಚುಚ್ಚಿದ್ದು ಕೊಟ್ಟ ಕಾರಣಗಳು. ವಯಸ್ಸಾಗಿದೆ, ಆರೋಗ್ಯ ಸರಿಯಿಲ್ಲ, ಮೊದಲ ತಪ್ಪು, ಒಳ್ಳೆಯ ಹೆಸರಿದೆ. ಈ ಕಾರಣಗಳು ಸುಳ್ಳು ಅಂತ ಯಾರೂ ಹೇಳಲಿಲ್ಲ. ಚಿಲ್ಲರೆ ಕದ್ದವನಿಗೂ ಮಂಡಿನೋವು ಬರುತ್ತದೆ, ಅವನಿಗೂ ವಯಸ್ಸಾಗುತ್ತದೆ. ಆದರೆ ಅದನ್ನು ನೀಟಾಗಿ ಟೈಪ್ ಮಾಡಿಸಿ, ಡಾಕ್ಟರ ಸಹಿ ಹಾಕಿಸಿ, ಇವನು ಎಂಥ ಒಳ್ಳೆಯವನು ಗೊತ್ತಾ ಅಂತ ಹತ್ತಾರು ಗಣ್ಯರಿಂದ ಪತ್ರ ಬರೆಸಿ ಕೋರ್ಟಿನ ಮುಂದೆ ಇಡುವವರು ಅವನಿಗೆ ಯಾರೂ ಇಲ್ಲ.

ಆರು ದಿನ ಕಳೆದ ಮೇಲೆ ಇನ್ನೊಂದು ಕೇಸಿನಲ್ಲಿ ಬೇರೊಬ್ಬ ನ್ಯಾಯಾಧೀಶೆ ಶಿಕ್ಷೆ ಕೊಟ್ಟರು. ಎರಡೂ ಸೇರಿ ಏಳೂವರೆ ವರ್ಷ ಆಯಿತು. ಜನ ಸಮಾಧಾನ ಪಟ್ಟರು. ನಾನೂ ಎಡಗಡೆ ತಿದ್ದಿ ಬರೆದೆ. ಬಲಗಡೆ ಏನಾಯಿತು ಕೇಳಿ. 2020ರ ಮೇ ತಿಂಗಳಲ್ಲಿ ಕೊರೊನಾ ಕಾರಣಕ್ಕೆ ಮನೆಗೆ ಕಳುಹಿಸಿದರು. ಡಿಸೆಂಬರಿನಲ್ಲಿ ಟ್ರಂಪ್ ಕ್ಷಮಾದಾನ ಕೊಟ್ಟರು. ಮುಗಿಯಿತು.

ಆ ಗಾಲಿಕುರ್ಚಿಯ ವಿಷಯಕ್ಕೆ ಬರೋಣ. ದಕ್ಷಿಣ ಕೊರಿಯಾದಲ್ಲಿ ಇದೊಂದು ಹಳೆಯ ತಮಾಷೆ. ದೊಡ್ಡ ಉದ್ಯಮಿಗಳ ಮೇಲೆ ಕೇಸು ಬಿದ್ದ ಕೂಡಲೇ ಅವರಿಗೆ ಗಾಲಿಕುರ್ಚಿ ಬೇಕಾಗುತ್ತದೆ ಅಂತ ಅಲ್ಲಿಯವರು ಆಡಿಕೊಳ್ಳುತ್ತಾರೆ. ಕಾಯಿಲೆಯನ್ನು ನಾನು ಹಾಸ್ಯ ಮಾಡುತ್ತಿಲ್ಲ, ಕೆಲವರು ನಿಜಕ್ಕೂ ರೋಗಿಗಳೇ. ಅಲ್ಲಿ 'ಮೂರು-ಐದು' ಅಂತ ಇನ್ನೊಂದು ಮಾತೂ ಇದೆ. ಶಿಕ್ಷೆ ಮೂರು ವರ್ಷ, ಅದನ್ನು ಐದು ವರ್ಷ ಅಮಾನತಿನಲ್ಲಿ ಇಡುವುದು. ಅಂದರೆ ಆ ಐದು ವರ್ಷ ಮತ್ತೆ ತಪ್ಪು ಮಾಡದಿದ್ದರೆ ಜೈಲು ಇಲ್ಲ. ಮೂರು ವರ್ಷ ಯಾಕೆ? ಅದಕ್ಕಿಂತ ಹೆಚ್ಚಿನ ಶಿಕ್ಷೆ ಕೊಟ್ಟರೆ ಅಮಾನತು ಮಾಡಲು ಅಲ್ಲಿನ ಕಾನೂನು ಬಿಡುವುದಿಲ್ಲ. ದೊಡ್ಡವರ ಶಿಕ್ಷೆ ಪದೇ ಪದೇ ಸರಿಯಾಗಿ ಮೂರಕ್ಕೇ ಬಂದು ನಿಲ್ಲುತ್ತಿತ್ತು. ನೋಡಿ, ಎಂಥ ಕಾಕತಾಳೀಯ!

ಹುಂಡೈ ಮೋಟಾರ್‌ನ ಆಗಿನ ಮುಖ್ಯಸ್ಥ ಚುಂಗ್ ಮಾಂಗ್ ಕೂ ಅವರಿಗೂ ಆಗಿದ್ದು ಇದೇ. ಕಂಪನಿ ದುಡ್ಡಿನಲ್ಲಿ ಗುಪ್ತ ನಿಧಿ ಕಟ್ಟಿದ್ದಕ್ಕೆ 2007ರ ಫೆಬ್ರವರಿಯಲ್ಲಿ ಮೂರು ವರ್ಷ ಜೈಲು ಅಂತಾಯಿತು. ಸೆಪ್ಟೆಂಬರಿನಲ್ಲಿ ಮೇಲ್ಮನವಿ ಕೋರ್ಟು ಅದನ್ನು ಐದು ವರ್ಷ ಅಮಾನತಿನಲ್ಲಿಟ್ಟಿತು. ನಾನೂ ಈ ದೇಶದ ಪ್ರಜೆ, ದೇಶದ ಆರ್ಥಿಕತೆಯನ್ನು ಪಣಕ್ಕಿಡಲಾರೆ ಅನ್ನೋ ಅರ್ಥದ ಮಾತನ್ನು ನ್ಯಾಯಾಧೀಶರು ಹೇಳಿದರು. ಜೈಲಿನ ಬದಲು 84,000 ಕೋಟಿ ವೊನ್ ಸಮಾಜಕ್ಕೆ ಕೊಡಬೇಕು. ಜೊತೆಗೆ, ಕಾನೂನು ಪಾಲಿಸಿ ವ್ಯವಹಾರ ನಡೆಸುವುದು ಹೇಗೆ ಅಂತ ಭಾಷಣ ಮಾಡಬೇಕು, ಪತ್ರಿಕೆಗೆ ಲೇಖನ ಬರೆಯಬೇಕು! ಆ ಭಾಷಣ ಕೇಳಬೇಕು ಅಂತ ನನಗೆ ಬಹಳ ಆಸೆ ಇತ್ತು. ಮರುವರ್ಷ ಸುಪ್ರೀಂ ಕೋರ್ಟು ಈ ಷರತ್ತುಗಳು ಸರಿಯಲ್ಲ ಅಂದಿತು. ಕೊನೆಗೆ 300 ಗಂಟೆ ಸಮಾಜಸೇವೆ ಅಂತಾಯಿತು. 2008ರ ಆಗಸ್ಟಿನಲ್ಲಿ ಕ್ಷಮಾದಾನವೂ ಬಂತು.

ಇಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಸಿಟ್ಟಾಗುವ ಜನರೂ ಎಲ್ಲ ಸಲ ಒಂದೇ ಥರ ಇರುವುದಿಲ್ಲ. ಸ್ಯಾಮ್‌ಸಂಗ್‌ನ ವಾರಸುದಾರ ಲೀ ಜೆ ಯಾಂಗ್ ಅವರನ್ನೇ ನೋಡಿ. ಲಂಚದ ಕೇಸಿನಲ್ಲಿ 2017ರಲ್ಲಿ ಐದು ವರ್ಷ ಶಿಕ್ಷೆ. 2018ರ ಫೆಬ್ರವರಿಯಲ್ಲಿ ಅದು ಎರಡೂವರೆಗೆ ಇಳಿಯಿತು, ಅದೂ ಅಮಾನತು. ಅವರು ಅಂದೇ ಮನೆಗೆ ಹೋದರು. ಆ ತೀರ್ಪು ಕೊಟ್ಟ ನ್ಯಾಯಾಧೀಶರನ್ನು ತನಿಖೆ ಮಾಡಿ ಅಂತ ಅಧ್ಯಕ್ಷರ ಕಚೇರಿಗೆ ಸಲ್ಲಿಸಿದ ಮನವಿಗೆ ನಾಲ್ಕೈದು ದಿನ ಕಳೆಯುವಷ್ಟರಲ್ಲಿ 2 ಲಕ್ಷ ಸಹಿ ಬಿದ್ದವು. ನ್ಯಾಯಾಧೀಶರನ್ನು ತನಿಖೆ ಮಾಡುವ ಅಧಿಕಾರ ನಮಗಿಲ್ಲ ಅಂತ ಕಚೇರಿ ಹೇಳಿತು, ಹೇಳಬೇಕಾದ್ದೇ ಅದು. 2021ರ ಜನವರಿಯಲ್ಲಿ ಮರುವಿಚಾರಣೆ ಮುಗಿದು ಲೀ ಮತ್ತೆ ಜೈಲಿಗೆ ಹೋದರು. ಆರೇಳು ತಿಂಗಳು ಕಳೆಯಿತು. ಚಿಪ್‌ಗಳ ಕೊರತೆ, ಕೊರೊನಾ ಲಸಿಕೆಯ ಚಿಂತೆ. ಆಗ ನಡೆದ ಸಮೀಕ್ಷೆಗಳಲ್ಲಿ ಹೆಚ್ಚಿನ ಜನ, ಬಿಟ್ಟುಬಿಡಿ ಅಂದರು! ಆಗಸ್ಟಿನಲ್ಲಿ ಪೆರೋಲ್ ಸಿಕ್ಕಿತು. ಮುಂದಿನ ಆಗಸ್ಟಿನಲ್ಲಿ ಕ್ಷಮಾದಾನ.

ನನಗೆ ಇದು ಬಹಳ ದಿನ ಅರ್ಥವಾಗಲಿಲ್ಲ. ಸಹಿ ಹಾಕಿದವರಲ್ಲಿ ಎಷ್ಟೋ ಮಂದಿ ಬಿಡಿ ಅಂತಲೂ ಹೇಳಿರಬೇಕಲ್ವಾ? ಈಗ ಅನ್ನಿಸುವುದು ಇಷ್ಟು. ದೊಡ್ಡವರು ನಮ್ಮ ಸಂಬಳ, ನಮ್ಮ ಮಕ್ಕಳ ಕೆಲಸ, ನಮ್ಮ ಉಳಿತಾಯ ಎಲ್ಲವನ್ನೂ ತಮ್ಮ ಕಾಲಿಗೆ ಕಟ್ಟಿಕೊಂಡಿರುತ್ತಾರೆ. ಅವರನ್ನು ಒಳಗೆ ಹಾಕಿದರೆ ನಮ್ಮನ್ನೂ ಎಳೆದುಕೊಂಡು ಹೋಗಿಬಿಡುತ್ತಾರೆ ಅನ್ನೋ ಭಯ. ಚಿಲ್ಲರೆ ಕದ್ದವನ ಕಾಲಿಗೆ ಅವನ ಮನೆಯವರು ಮಾತ್ರ ಇರುತ್ತಾರೆ.

ಅದೇ ಕೊರಿಯಾದ ಹಳೆಯ ಕತೆ ಒಂದಿದೆ. 1988ರ ಅಕ್ಟೋಬರ್, ಸೋಲ್ ಒಲಿಂಪಿಕ್ಸ್ ಮುಗಿದು ಕೆಲವೇ ದಿನ. ಒಂದು ಜೈಲಿನಿಂದ ಇನ್ನೊಂದಕ್ಕೆ ಸಾಗಿಸುವಾಗ 12 ಕೈದಿಗಳು ತಪ್ಪಿಸಿಕೊಂಡರು. ಅವರಲ್ಲಿ ನಾಲ್ವರು ಸೋಲ್‌ನ ಒಂದು ಮನೆಗೆ ನುಗ್ಗಿ ಅಲ್ಲಿದ್ದವರನ್ನು ಒತ್ತೆ ಇಟ್ಟುಕೊಂಡರು. ಟಿವಿ ಕ್ಯಾಮೆರಾಗಳು ಹೊರಗೆ ನಿಂತಿದ್ದವು. ಅವರಲ್ಲಿ ಜಿ ಕಾಂಗ್ ಹೊನ್ ಅನ್ನೋವನು ಕೂಗಿದ ಮಾತು ಆ ದೇಶದಲ್ಲಿ ಗಾದೆಯಂತೆ ಉಳಿದುಬಿಟ್ಟಿದೆ: ದುಡ್ಡಿದ್ದರೆ ನಿರಪರಾಧಿ, ದುಡ್ಡಿಲ್ಲದಿದ್ದರೆ ಅಪರಾಧಿ.

ಅವನು ಕದ್ದಿದ್ದು ಸುಮಾರು 55 ಲಕ್ಷ ವೊನ್. ಶಿಕ್ಷೆ 7 ವರ್ಷ, ಮತ್ತೆ ಕದಿಯಬಹುದು ಅಂತ ಅದರ ಮೇಲೆ 10 ವರ್ಷದ ಸುಪರ್ದಿ, ಅಂದರೆ ಶಿಕ್ಷೆ ಮುಗಿದ ಮೇಲೂ ಬಂಧನ. ಅದೇ ವರ್ಷ ಮಾಜಿ ಅಧ್ಯಕ್ಷ ಚುನ್ ಡೂ ಹ್ವಾನ್ ಅವರ ತಮ್ಮನಿಗೂ ಶಿಕ್ಷೆ ಆಗಿತ್ತು. ಅವರು ನುಂಗಿದ್ದು ನೂರಾರು ಕೋಟಿ ವೊನ್. ಅವರಿಗೂ 7 ವರ್ಷವೇ. ಅದನ್ನೂ ಅವರು ಪೂರ್ತಿ ಅನುಭವಿಸಲಿಲ್ಲ. ಇನ್ನೂ ಒಂದಿದೆ. ಕಳ್ಳನ ಮೇಲೆ ಹೆಚ್ಚುವರಿ 10 ವರ್ಷ ಹೇರಿದ ಆ ಕಾನೂನು 1980ರಲ್ಲಿ ಬಂದಿದ್ದು, ಅಣ್ಣನ ಆಡಳಿತದಲ್ಲೇ.

ಜಿ ಮಾಡಿದ್ದು ಸರಿ ಅಂತ ನಾನು ಹೇಳಲಾರೆ. ಒಂದು ಸಂಸಾರದ ಮೇಲೆ ಬಂದೂಕು ಹಿಡಿದಿದ್ದ. ಅವತ್ತೇ ಪೊಲೀಸರ ಗುಂಡು ತಗುಲಿ ಸತ್ತ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ನಮ್ಮ ಗಾದೆ. ಅಡಿಕೆ ಕದ್ದವರಿಗೆ ಅದು ಸರಿಯಾಗೇ ಇದೆ. ಆನೆಯನ್ನೇ ಕದ್ದವರಿಗೆ ಮಾನ ಹೋಗಿರುವುದೇ ಇಲ್ಲ, ವಾಪಸ್ ಬರೋ ಮಾತೆಲ್ಲಿ?

ಥಾಯ್ಲೆಂಡಿನ ಪುಟ ಬೇರೆ ಥರದ್ದು. ಮಾಜಿ ಪ್ರಧಾನಿ ತಕ್ಸಿನ್ ಶಿನವಾತ್ರ 15 ವರ್ಷ ವಿದೇಶದಲ್ಲಿದ್ದು 2023ರ ಆಗಸ್ಟ್ 22ರಂದು ಖಾಸಗಿ ವಿಮಾನದಲ್ಲಿ ಬಂದಿಳಿದರು. ಎಂಟು ವರ್ಷ ಶಿಕ್ಷೆ ಕಾಯುತ್ತಿತ್ತು. ಜೈಲಿಗೆ ಹೋದರು. ಆ ಒಂದು ರಾತ್ರಿ ಕಳೆಯುವ ಮುಂಚೆ ಪೊಲೀಸ್ ಆಸ್ಪತ್ರೆಗೆ ಬಂದರು, 14ನೇ ಮಹಡಿಗೆ. ರಾಜರು ಎಂಟನ್ನು ಒಂದು ಮಾಡಿದರು. ಆರು ತಿಂಗಳ ನಂತರ ಪೆರೋಲ್. ಅಷ್ಟೂ ದಿನ ಅವರು ಆಸ್ಪತ್ರೆಯಲ್ಲೇ ಇದ್ದರು. ಜೈಲು ಇರೋದು ಬಡವರನ್ನು ಕೂಡಿ ಹಾಕೋಕೆ ಅಂತ ಅಲ್ಲೊಂದು ಮಾತಿದೆ. ಅದರ ಜೊತೆಗೆ '14ನೇ ಮಹಡಿ' ಅನ್ನೋದೂ ಜನರ ಬಾಯಲ್ಲಿ ಸೇರಿಕೊಂಡಿತು.

ಈ ಸಲ ಮಾತ್ರ ಜನ ಮರೆಯಲಿಲ್ಲ. ಎರಡು ವರ್ಷ ಬೆನ್ನು ಹತ್ತಿದರು. ಅಷ್ಟು ದೊಡ್ಡ ಕಾಯಿಲೆ ಏನಿತ್ತು, ದಾಖಲೆ ತೋರಿಸಿ, ಅಂತ ಕೇಳುತ್ತಲೇ ಇದ್ದರು. 2025ರ ಮೇ ತಿಂಗಳಲ್ಲಿ ವೈದ್ಯಕೀಯ ಮಂಡಳಿ ಡಾಕ್ಟರುಗಳ ಮೇಲೆ ಕ್ರಮ ತೆಗೆದುಕೊಂಡಿತು. ಸೆಪ್ಟೆಂಬರ್ 9ರಂದು ಸುಪ್ರೀಂ ಕೋರ್ಟು, ಆಸ್ಪತ್ರೆಯ ದಿನಗಳು ಜೈಲಿನ ದಿನಗಳಲ್ಲ, ಒಂದು ವರ್ಷ ಒಳಗಿರಬೇಕು ಅಂದಿತು. ತಕ್ಸಿನ್ ಅವತ್ತೇ ಜೈಲಿಗೆ ಹೋದರು. ಬಲಗಡೆ ಬರೆದದ್ದನ್ನು ನಾನು ಹೊಡೆದು ಹಾಕಿದ್ದು ಈ ಪುಟದಲ್ಲಿ ಮಾತ್ರ.

ಶಿಕ್ಷೆ ಕಡಿಮೆ ಆಯಿತು ಅನ್ನಿಸಿದರೆ ಕೇಳಲು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಂದು ದಾರಿ ಇದೆ. ಯಾರು ಬೇಕಾದರೂ ಅಟಾರ್ನಿ ಜನರಲ್‌ಗೆ ಬರೆಯಬಹುದು. ಕೆಲವು ಗಂಭೀರ ಅಪರಾಧಗಳಿಗೆ ಮಾತ್ರ, ಅದೂ 28 ದಿನದೊಳಗೆ. ಆದರೆ ಅದೂ ಗೆರೆಯ ಎಡಗಡೆಗೇ. ಪೆರೋಲ್, ಆಸ್ಪತ್ರೆ, ಕ್ಷಮಾದಾನ ಬರುವ ಹೊತ್ತಿಗೆ ಆ 28 ದಿನ ಎಂದೋ ಕಳೆದಿರುತ್ತದೆ.

ಇಟಲಿಯ ಮಾಜಿ ಪ್ರಧಾನಿ ಬೆರ್ಲುಸ್ಕೋನಿ ಅವರ ಪುಟ ಸಣ್ಣದು. ತೆರಿಗೆ ವಂಚನೆಗೆ 2013ರಲ್ಲಿ ನಾಲ್ಕು ವರ್ಷ. ಹಳೆಯ ಮಾಫಿ ಕಾನೂನಿನಿಂದ ಮೂರು ವರ್ಷ ಹೋಯಿತು. ಉಳಿದಿದ್ದಕ್ಕೆ, ಮರೆವಿನ ಕಾಯಿಲೆಯ ವೃದ್ಧರಿರುವ ಮನೆಯಲ್ಲಿ ಸೇವೆ. ಬಲಗಡೆ ಬರೆದಿದ್ದೇನೆ: ವಾರಕ್ಕೆ ನಾಲ್ಕು ಗಂಟೆ.

ಕೊನೆಯ ಪುಟದಲ್ಲಿ ಆ 400 ನಾಣ್ಯದವನೂ ಇದ್ದಾನೆ. ಅವನು ಈ ಪಟ್ಟಿಗೆ ಸೇರುವವನಲ್ಲ, ಆದರೂ ಬರೆದಿಟ್ಟಿದ್ದೇನೆ. ಎಡಗಡೆ: 36ರಿಂದ 72 ತಿಂಗಳು. ಬಲಗಡೆ ಖಾಲಿ. ಅವನು ಹೊರಗೆ ಬಂದ ಸುದ್ದಿಯನ್ನು ಯಾವ ಪತ್ರಿಕೆಯೂ ಹಾಕುವುದಿಲ್ಲ, ಒಳಪುಟದಲ್ಲೂ.

ನಮಸ್ಕಾರ.