ಹಳೆಯ ಮನೆ-ಪ್ರೊಜೆಕ್ಟರುಗಳ ಧ್ವನಿದೋಷ: ಬಿಚ್ಚುವ ಮೊದಲು ಕೇಳಬೇಕಾದದ್ದು

ಮಾನ್ಯ ಅಧ್ಯಕ್ಷರೇ, ಸಭಿಕ ಬಂಧುಗಳೇ,

ಮುಂಬಯಿಯ ಕನ್ನಡಿಗರ ಎಷ್ಟೋ ಮನೆಗಳಲ್ಲಿ, ಕೊಲ್ಲಿ ದೇಶದಿಂದಲೋ ಅಮೆರಿಕದಿಂದಲೋ ನೆಂಟರು ತಂದ ಸೂಪರ್ 8 (8 ಮಿಲಿಮೀಟರ್ ಅಗಲದ ಮನೆಬಳಕೆಯ ಫಿಲ್ಮು) ಪ್ರೊಜೆಕ್ಟರು ಇಂದಿಗೂ ಅಟ್ಟದ ಮೇಲಿದೆ. ಚೋರ್ ಬಜಾರಿನಲ್ಲಿ ಕೊಂಡ, 16 ಮಿಲಿಮೀಟರ್ ಅಗಲದ ಫಿಲ್ಮಿನ ಯಂತ್ರಗಳನ್ನು ಜತನದಿಂದ ಇಟ್ಟುಕೊಂಡ ಹವ್ಯಾಸಿಗಳೂ ನಮ್ಮ ನಡುವೆ ಇದ್ದಾರೆ. ಅವರೆಲ್ಲ ಹೇಳುವ ದೂರು ಸಾಮಾನ್ಯವಾಗಿ ಒಂದೇ: ಚಿತ್ರ ಬರುತ್ತದೆ, ಸದ್ದು ಸರಿಯಿಲ್ಲ. ಇಷ್ಟು ಕೇಳಿದ ಕೂಡಲೇ ರಿಪೇರಿಯವರು ಆಂಪ್ಲಿಫೈಯರಿನ ಸ್ಕ್ರೂ ಬಿಚ್ಚುತ್ತಾರೆ. ನನ್ನ ಅನುಭವದಲ್ಲಿ ದೋಷವು ಹೆಚ್ಚಿನ ಸಲ ಆಂಪ್ಲಿಫೈಯರಿಗಿಂತ ಹಿಂದೆಯೇ, ಫಿಲ್ಮು ಹಾದುಹೋಗುವ ದಾರಿಯಲ್ಲಿ ಇರುತ್ತದೆ. ಅದು ಎಲ್ಲಿದೆ ಎಂಬುದನ್ನು ಯಂತ್ರವನ್ನು ಬಿಚ್ಚುವ ಮೊದಲು ಕಿವಿಯಿಂದಲೇ ಬಹುಮಟ್ಟಿಗೆ ಗೊತ್ತುಹಚ್ಚಬಹುದು ಎಂಬುದೇ ನನ್ನ ಇಂದಿನ ಮಾತಿನ ವಿಷಯ.

ಮೊದಲಿಗೆ ಒಂದು ಎಚ್ಚರಿಕೆ. ಕೊಡಾಕ್ ಕಂಪನಿ 1965ರಲ್ಲಿ ಸೂಪರ್ 8 ಫಿಲ್ಮನ್ನೂ, 1973ರಲ್ಲಿ ಚಿತ್ರದ ಜೊತೆಗೇ ಧ್ವನಿ ಮುದ್ರಿಸುವ ಕಾರ್ಟ್ರಿಜನ್ನೂ ಹೊರತಂದಿತು. ಅದರಲ್ಲಿ ತೆಗೆದ ಮದುವೆ, ನಾಮಕರಣಗಳ ರೀಲುಗಳಿಗೆ ಸಾಮಾನ್ಯವಾಗಿ ನೆಗೆಟಿವ್ ಇರುವುದಿಲ್ಲ. ಕ್ಯಾಮೆರಾದೊಳಗೆ ಓಡಿದ ಫಿಲ್ಮೇ ಸಂಸ್ಕರಣೆಗೊಂಡು ನಮ್ಮ ಕೈ ಸೇರಿದೆ. ಧ್ವನಿಯೂ ಅದರ ಅಂಚಿಗೆ ಹಚ್ಚಿದ ಕಂದು ಬಣ್ಣದ ಮ್ಯಾಗ್ನೆಟಿಕ್ ಪಟ್ಟಿಯಲ್ಲಷ್ಟೇ ಇದೆ. ಆದ್ದರಿಂದ ಯಂತ್ರದ ಪರೀಕ್ಷೆಗೆ ಮನೆಯ ರೀಲನ್ನು ಎಂದಿಗೂ ಬಳಸಬಾರದು. ಬೆಲೆಬಾಳದ ಯಾವುದಾದರೂ ಹಳೆಯ ಧ್ವನಿಫಿಲ್ಮನ್ನು ಅದಕ್ಕೆಂದೇ ತೆಗೆದಿಡಬೇಕು. ಎಷ್ಟೋ ಸೂಪರ್ 8 ಧ್ವನಿ ಪ್ರೊಜೆಕ್ಟರುಗಳಲ್ಲಿ ರೆಕಾರ್ಡ್ ಮಾಡುವ ಸೌಲಭ್ಯವೂ ಇರುತ್ತದೆ. ಆ ಗುಂಡಿ ಒತ್ತಿದ ಸ್ಥಿತಿಯಲ್ಲಿ ರೀಲು ಓಡಿದರೆ ಹಿಂದಿನ ಧ್ವನಿ ಅಳಿಸಿಹೋಗುತ್ತದೆ, ಮತ್ತೆ ಬರುವುದಿಲ್ಲ. ಫಿಲ್ಮು ಏರಿಸುವ ಮೊದಲು ಆ ಗುಂಡಿಯನ್ನು ಕಣ್ಣಾರೆ ನೋಡಿಕೊಳ್ಳಿ.

ಯಂತ್ರವು ಚಿತ್ರವನ್ನೂ ಧ್ವನಿಯನ್ನೂ ಒಂದೇ ಜಾಗದಲ್ಲಿ ಓದುವುದಿಲ್ಲ. ಚಿತ್ರದ ಕಿಂಡಿಯಲ್ಲಿ ಫಿಲ್ಮು ನಿಂತು ನಿಂತು ಸಾಗಬೇಕು. ಧ್ವನಿಯನ್ನು ಓದುವ ಹೆಡ್ಡಿನ ಬಳಿ ಒಂದಿಷ್ಟೂ ಅಲುಗದೆ ಸಮವೇಗದಲ್ಲಿ ಹರಿಯಬೇಕು. ಈ ಕಾರಣಕ್ಕೆ ಸೂಪರ್ 8 ಮ್ಯಾಗ್ನೆಟಿಕ್ ಫಿಲ್ಮಿನಲ್ಲಿ ಧ್ವನಿಯು ತನ್ನ ಚಿತ್ರಕ್ಕಿಂತ 18 ಫ್ರೇಮು ಮುಂದೆ ಇರುತ್ತದೆ, ಧ್ವನಿಯನ್ನು ಬೆಳಕಿನಿಂದ ಓದುವ 16 ಮಿಲಿಮೀಟರಿನ ಆಪ್ಟಿಕಲ್ ಫಿಲ್ಮಿನಲ್ಲಿ 26 ಫ್ರೇಮು ಮುಂದೆ. ಕಿಂಡಿಗೂ ಹೆಡ್ಡಿಗೂ ನಡುವೆ ಫಿಲ್ಮು ಸಡಿಲವಾಗಿ ಬಾಗಿ ನಿಲ್ಲುವ ಕುಣಿಕೆಯೇ ಆ ಕುಲುಕಾಟವನ್ನು ನುಂಗುತ್ತದೆ. ಕುಣಿಕೆ ಚಿಕ್ಕದಾದರೆ ಕಿಂಡಿಯ ಎಳೆತ ನೇರವಾಗಿ, ಧ್ವನಿ ಓದುವಲ್ಲಿ ಫಿಲ್ಮು ಸುತ್ತಿಹೋಗುವ ಡ್ರಮ್ಮಿಗೆ ತಲುಪಿ, ಮಾತು ನೀರಿನೊಳಗಿಂದ ಬಂದಂತೆ ಗುಳುಗುಳು ಎನ್ನುತ್ತದೆ. ಕುಣಿಕೆಯ ಅಳತೆ ತಪ್ಪಿದರೆ ತುಟಿಗೂ ಮಾತಿಗೂ ಹೊಂದಿಕೆಯೇ ಇರುವುದಿಲ್ಲ. ಇವೆರಡಕ್ಕೂ ಮಾಡಬೇಕಾದದ್ದು ಫಿಲ್ಮನ್ನು ಪುನಃ ಸರಿಯಾಗಿ ಏರಿಸುವುದಷ್ಟೇ; ಯಾವ ಬಿಡಿಭಾಗವನ್ನೂ ಬದಲಿಸಬೇಕಾಗಿಲ್ಲ.

ವೇಗದ ಪ್ರಶ್ನೆಗೆ ನಾನು ಸ್ವಲ್ಪ ಹೆಚ್ಚು ಸಮಯ ಕೊಡುತ್ತೇನೆ, ಏಕೆಂದರೆ ನಮ್ಮ ಊರಿನ ಯಂತ್ರಗಳಲ್ಲಿ ಇದು ವಿಶೇಷವಾಗಿ ಕಾಡುತ್ತದೆ. ಅಮೆರಿಕದಿಂದ ಬಂದ ಪ್ರೊಜೆಕ್ಟರಿಗೆ 110 ವೋಲ್ಟಿನ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ಎಲ್ಲವೂ ಸರಿಹೋಯಿತೆಂದು ನಂಬುವವರು ಅನೇಕರು. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಆವರ್ತನವನ್ನು ಮುಟ್ಟುವುದಿಲ್ಲ. ಅಲ್ಲಿಯ 60 ಹರ್ಟ್ಸಿಗೆ ತಕ್ಕಂತೆ ಮಾಡಿದ ಇಂಡಕ್ಷನ್ ಮೋಟಾರು ಇಲ್ಲಿಯ 50 ಹರ್ಟ್ಸಿನಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗುವುದರಿಂದ, ಸೆಕೆಂಡಿಗೆ 24 ಫ್ರೇಮು ಓಡಬೇಕಾದಲ್ಲಿ ಸುಮಾರು 20 ಮಾತ್ರ ಓಡುತ್ತವೆ, ಶ್ರುತಿಯೂ ಮೂರು ಸ್ವರಸ್ಥಾನಗಳಷ್ಟು ಇಳಿಯುತ್ತದೆ. ಯಕ್ಷಗಾನದವರ ಲೆಕ್ಕದಲ್ಲಿ ಹೇಳುವುದಾದರೆ, ಹಾರ್ಮೋನಿಯಂನ ಕಪ್ಪು ಮನೆಗಳ ಎಣಿಕೆಯ ಕಪ್ಪು ಒಂದರಲ್ಲಿ ಹಾಡಿದ ಭಾಗವತಿಕೆ ಅದರ ಕೆಳಗಿನ ಕಪ್ಪು ಐದಕ್ಕೆ ಕುಸಿದು ಕೇಳಿಸುತ್ತದೆ, ಚಂಡೆಯ ಪೆಟ್ಟು ಜೋಲುಬೀಳುತ್ತದೆ. ಇದಕ್ಕೆ 50 ಹರ್ಟ್ಸಿನ ಪುಲ್ಲಿಯನ್ನೋ ಬೆಲ್ಟಿನ ಸ್ಥಾನವನ್ನೋ ಬದಲಿಸಬೇಕು. ವೇಗವನ್ನು ತಾನೇ ಹಿಡಿತದಲ್ಲಿಡುವ ಗವರ್ನರ್ ಇರುವ ಮೋಟಾರುಗಳಿಗೆ ಈ ತೊಂದರೆ ಇಲ್ಲ.

ವೇಗ ಸರಿಯಿದೆಯೇ ಎಂದು ನೋಡಲು ಒಂದು ಗಡಿಯಾರ ಸಾಕು. ಸೂಪರ್ 8ರ 50 ಅಡಿಯ ರೀಲು ಸೆಕೆಂಡಿಗೆ 18 ಫ್ರೇಮಿನಂತೆ 3 ನಿಮಿಷ 20 ಸೆಕೆಂಡಿಗೆ ಮುಗಿಯಬೇಕು, 24 ಫ್ರೇಮಿನಂತೆ ಎರಡೂವರೆ ನಿಮಿಷಕ್ಕೆ. 16 ಮಿಲಿಮೀಟರಿನ ಧ್ವನಿಫಿಲ್ಮು ನಿಮಿಷಕ್ಕೆ 36 ಅಡಿ ಓಡಬೇಕು. ಒಟ್ಟು ವೇಗ ಸರಿಯಿದ್ದೂ ಎಳೆದು ಹಿಡಿದ ಸ್ವರ ಮಾತ್ರ ಏರಿಳಿಯುತ್ತಿದ್ದರೆ, ಮೊದಲು ವೇಗವನ್ನು ಸಮವಾಗಿಡುವ ಭಾರದ ಚಕ್ರದ, ಅಂದರೆ ಫ್ಲೈವೀಲಿನ, ಬೇರಿಂಗನ್ನು ನೋಡಬೇಕು. ದಶಕಗಳಿಂದ ನಿಂತ ಯಂತ್ರದಲ್ಲಿ ಗ್ರೀಸು ಮೇಣದಂತೆ ಗಟ್ಟಿಯಾಗಿರುತ್ತದೆ. ಅದನ್ನು ಪೂರ್ತಿ ತೊಳೆದು ಒಂದು ಹನಿ ಹೊಲಿಗೆಯಂತ್ರದ ಎಣ್ಣೆ ಬಿಟ್ಟರೆ ಸಾಕು. ಹಳೆಯ ಗ್ರೀಸಿನ ಮೇಲೆಯೇ ಎಣ್ಣೆ ಸುರಿಯುವ ಅಭ್ಯಾಸ ಯಂತ್ರಕ್ಕೆ ಹಾನಿಕರ. ಬೆಲ್ಟು ಕೆಲವೊಮ್ಮೆ ಡಾಂಬರಿನಂತೆ ಕರಗಿ ಪುಲ್ಲಿಗೆ ಅಂಟಿರುತ್ತದೆ. ಫಿಲ್ಮನ್ನು ಒತ್ತಿ ಸಾಗಿಸುವ ಪಿಂಚ್ ರೋಲರಿನ ರಬ್ಬರು ಗಾಜಿನಂತೆ ನುಣುಪಾಗಿದ್ದರೆ ಸೋಪುನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ ನೋಡಿ. ಬಿರುಕು ಬಿಟ್ಟಿದ್ದರೆ ಬದಲಿಸದೆ ಗತ್ಯಂತರವಿಲ್ಲ.

ಇನ್ನು ಮಬ್ಬು ಧ್ವನಿ. ಮಾತು ಕೇಳುತ್ತದೆ, ಆದರೆ ಸಕಾರ ಶಕಾರಗಳು ಸ್ಪಷ್ಟವಿಲ್ಲ ಎಂದಾದರೆ ಮ್ಯಾಗ್ನೆಟಿಕ್ ಯಂತ್ರದಲ್ಲಿ ಕೊಳೆಯಾದ ಹೆಡ್ಡೇ ಮೊದಲ ಆರೋಪಿ. 18 ಫ್ರೇಮಿನ ವೇಗದಲ್ಲಿ ಫಿಲ್ಮು ಹೆಡ್ಡಿನ ಮುಂದೆ ಸೆಕೆಂಡಿಗೆ ಸುಮಾರು 76 ಮಿಲಿಮೀಟರ್ ಮಾತ್ರ ಸಾಗುತ್ತದೆ. ಅಂದರೆ 5000 ಹರ್ಟ್ಸಿನ ಒಂದು ಅಲೆ ಪಟ್ಟಿಯ ಮೇಲೆ ಬರಿಯ 15 ಮೈಕ್ರಾನಿನಷ್ಟು ಉದ್ದವಿರುತ್ತದೆ. ನಮ್ಮ ತಲೆಗೂದಲಿಗಿಂತ ಎಷ್ಟೋ ತೆಳುವಾದ 10 ಮೈಕ್ರಾನಿನ ಕೊಳೆ ಹೆಡ್ಡಿಗೂ ಪಟ್ಟಿಗೂ ನಡುವೆ ಕುಳಿತರೆ ಆ ಸ್ವರ ಕೇಳದಂತಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯನ್ನು ಹೆಡ್ಡಿನ ಮೇಲೆ ಫಿಲ್ಮು ಸಾಗುವ ದಿಕ್ಕಿನಲ್ಲೇ ಉಜ್ಜಿದಾಗ ಅದರ ತುದಿ ಕಂದು ಬಣ್ಣಕ್ಕೆ ತಿರುಗುತ್ತದೆ. ಹತ್ತಿ ಬೆಳ್ಳಗೇ ಉಳಿಯುವವರೆಗೂ ಹೊಸ ಹೊಸ ಕಡ್ಡಿ ಬಳಸಬೇಕು. ಫಿಲ್ಮನ್ನು ಹೆಡ್ಡಿಗೆ ಒತ್ತಿಹಿಡಿಯುವ ಸಣ್ಣ ಪ್ಯಾಡನ್ನೂ ಮರೆಯಬಾರದು, ಅದು ಸವೆದಿದ್ದರೂ ಇದೇ ಫಲ. ಹೆಡ್ಡಿಗೆ ಅಯಸ್ಕಾಂತತೆ ಅಂಟಿಕೊಂಡಿದ್ದರೆ ಸುಯ್ ಎಂಬ ಸದ್ದು ಹೆಚ್ಚುವುದಲ್ಲದೆ ಪ್ರತಿ ಸಲ ಓಡಿಸಿದಾಗಲೂ ಮೇಲಿನ ಸ್ವರಗಳು ಒಂದಿಷ್ಟು ಅಳಿಯುತ್ತವೆ. ಡಿಮ್ಯಾಗ್ನೆಟೈಸರ್ ಬಳಸುವುದು ಇದಕ್ಕಾಗಿಯೇ. ಹೆಡ್ಡಿನ ಓರೆಯನ್ನು ಹೊಂದಿಸುವ ಸ್ಕ್ರೂವನ್ನು ಮಾತ್ರ, ಗೊತ್ತಾದ ಸ್ವರಗಳನ್ನು ಮುದ್ರಿಸಿದ ಪರೀಕ್ಷಾ ಫಿಲ್ಮು ಇಲ್ಲದೆ ಯಾರೂ ತಿರುಗಿಸಬಾರದೆಂದು ನನ್ನ ಕಳಕಳಿಯ ವಿನಂತಿ.

16 ಮಿಲಿಮೀಟರಿನ ಆಪ್ಟಿಕಲ್ ಯಂತ್ರದಲ್ಲಿ ಹೆಡ್ಡಿನ ಬದಲು, ಧ್ವನಿಪಟ್ಟಿಗೆ ಬೆಳಕು ಬೀರುವ ಎಕ್ಸೈಟರ್ ದೀಪವೂ ಆ ಬೆಳಕನ್ನು ವಿದ್ಯುತ್ತಾಗಿಸುವ ಫೋಟೊಸೆಲ್ಲೂ ಇರುತ್ತವೆ. ಸದ್ದು ಪೂರ್ತಿ ನಿಂತಿದ್ದರೆ ದೀಪ ಉರಿಯುತ್ತಿದೆಯೇ ನೋಡಿ. ಉರಿಯುತ್ತಿದ್ದರೆ ಫಿಲ್ಮಿಲ್ಲದೆ ಯಂತ್ರ ಚಾಲೂ ಮಾಡಿ, ಧ್ವನಿಯನ್ನು ಅರ್ಧಕ್ಕೆ ಏರಿಸಿ, ಡ್ರಮ್ಮಿನ ಮೇಲೆ ಬೀಳುವ ಕೂದಲೆಳೆಯಂಥ ಬೆಳಕಿನ ಗೆರೆಗೆ ಒಂದು ವಿಸಿಟಿಂಗ್ ಕಾರ್ಡನ್ನು ಅಡ್ಡ ಹಿಡಿದು ತೆಗೆಯಿರಿ. ಸ್ಪೀಕರಿನಲ್ಲಿ ಟಪ್ ಟಪ್ ಎಂದು ಕೇಳಿಸಿದರೆ ಫೋಟೊಸೆಲ್ಲಿನಿಂದ ಸ್ಪೀಕರಿನವರೆಗೆ ಎಲ್ಲವೂ ಜೀವಂತವಿದೆ. ದೋಷ ಧ್ವನಿಯ ಲೆನ್ಸಿನಲ್ಲೋ ಫಿಲ್ಮು ಏರಿಸಿದ ಕ್ರಮದಲ್ಲೋ ಇದೆ. ನಮ್ಮ ಮಳೆಗಾಲದ ತೇವಕ್ಕೆ ಆ ಲೆನ್ಸಿನ ಮೇಲೆ ಬೂಷ್ಟು ಹಿಡಿಯುವುದು ತೀರಾ ಸಾಮಾನ್ಯ. ಸ್ಪೀಕರು ದಡದಡ ದೋಣಿಯ ಎಂಜಿನ್ನಿನಂತೆ ಸದ್ದು ಮಾಡಿದರೆ, ಎರಡೂ ಅಂಚಿನಲ್ಲಿ ರಂಧ್ರವಿರುವ ಮೂಕಿ ಫಿಲ್ಮನ್ನು ಧ್ವನಿ ತೆರೆದಿಟ್ಟು ಓಡಿಸುತ್ತಿರಬಹುದು: ಸೆಕೆಂಡಿಗೆ 24 ರಂಧ್ರಗಳು ಬೆಳಕನ್ನು ಕಡಿಯುವ ಸದ್ದು ಅದು. ಇದರ ತಿರುವುಮುರುವು ಇನ್ನೂ ಅಪಾಯಕಾರಿ. ಎರಡೂ ಕಡೆ ಹಲ್ಲಿರುವ ಮೂಕಿ ಯಂತ್ರಕ್ಕೆ ಧ್ವನಿಫಿಲ್ಮನ್ನು ಹಾಕಿದರೆ ಹಲ್ಲುಗಳು ಧ್ವನಿಪಟ್ಟಿಯನ್ನೇ ತೂತು ಮಾಡುತ್ತವೆ.

ಗುಂಯ್ ಎಂಬ ಸದ್ದಿಗೆ ಧ್ವನಿಯ ತಿರುಗುಣಿಯೇ ಪರೀಕ್ಷಕ. ಅದನ್ನು ಸೊನ್ನೆಗೆ ಇಳಿಸಿದಾಗಲೂ ಗುಂಯ್‌ಗುಟ್ಟಿದರೆ ವಿದ್ಯುತ್ ಪೂರೈಕೆಯ ಕಪಾಸಿಟರು ಒಣಗಿದೆ ಎನ್ನಬಹುದು. ಸೊನ್ನೆಗೆ ಇಳಿಸಿದಾಗ ನಿಂತರೆ ಮೂಲ ಅದಕ್ಕಿಂತ ಹಿಂದೆ, ಹೆಡ್ಡಿನ ತಂತಿಯಲ್ಲೋ ಎಕ್ಸೈಟರ್ ದೀಪದ ಪೂರೈಕೆಯಲ್ಲೋ ಇದೆ. ತಿರುಗಿಸುವಾಗ ಮಾತ್ರ ಕರಕರ ಎಂದರೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಇಯರ್‌ಫೋನ್ ಜಾಕಿನೊಳಗಿನ ಸಂಪರ್ಕ ಕಿಲುಬು ಹಿಡಿದು ಒಳಗಿನ ಸ್ಪೀಕರು ಮೂಕವಾಗಿರುವುದೂ ಉಂಟು. ಪ್ಲಗ್ಗನ್ನು ಹತ್ತಾರು ಸಲ ಹಾಕಿ ತೆಗೆದು ನೋಡಿ. ಆಂಪ್ಲಿಫೈಯರನ್ನು ಬಿಚ್ಚಲೇಬೇಕಾಗಿ ಬಂದರೆ, ವಾಲ್ವಿನ ಯಂತ್ರಗಳಲ್ಲಿ ಪ್ಲಗ್ ತೆಗೆದ ಮೇಲೂ ಕಪಾಸಿಟರಿನಲ್ಲಿ ನೂರಾರು ವೋಲ್ಟು ಉಳಿದಿರುತ್ತದೆಂಬುದು ನೆನಪಿರಲಿ. ಅದನ್ನು ತಿಳಿದವರಿಗೇ ಬಿಡಿ. ಬಹುಕಾಲದಿಂದ ನಿಂತ ಯಂತ್ರಕ್ಕೆ ಮೊದಲ ಸಲ ವಿದ್ಯುತ್ ಕೊಡುವಾಗ ಪ್ರೊಜೆಕ್ಷನ್ ದೀಪ ಕಳಚಿ, ತಂತಿಯಲ್ಲಿ ಸಾಲಾಗಿ ಜೋಡಿಸಿದ ಬಲ್ಬಿನ (ಸೀರೀಸ್ ಬಲ್ಬು) ಮೂಲಕವೇ ಕೊಡಿ. ಆ ಬಲ್ಬು ಪೂರ್ಣ ಪ್ರಕಾಶದಲ್ಲಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ ಎಂದರ್ಥ.

ಯಂತ್ರ ಎಷ್ಟು ಸರಿಯಿದ್ದರೂ ಫಿಲ್ಮೇ ಕೆಟ್ಟಿರಬಹುದು. ಡಬ್ಬಿ ತೆರೆದಾಗ ವಿನೆಗರಿನ ಹುಳಿವಾಸನೆ ಬಂದರೆ ಫಿಲ್ಮಿನ ಆಧಾರಪದರವಾದ ಅಸಿಟೇಟ್ ಕೊಳೆಯತೊಡಗಿದೆ. ಮ್ಯಾಗ್ನೆಟಿಕ್ ಪಟ್ಟಿಯಲ್ಲಿರುವ ಕಬ್ಬಿಣದ ಆಕ್ಸೈಡು ಆ ಕೊಳೆಯುವಿಕೆಯನ್ನು ಇನ್ನಷ್ಟು ಚುರುಕುಗೊಳಿಸುವುದರಿಂದ ಧ್ವನಿಯಿರುವ ರೀಲುಗಳೇ ಮೊದಲು ಕೆಡುತ್ತವೆ. ಫಿಲ್ಮು ಕುಗ್ಗಿ ಸುರುಳಿಕೊಂಡಾಗ ಪಟ್ಟಿ ಹೆಡ್ಡಿಗೆ ತಾಗದೆ ಧ್ವನಿ ಬಂದು ಬಂದು ಹೋಗುತ್ತದೆ. ಅಂಥ ರೀಲನ್ನು ಉಳಿದವುಗಳಿಂದ ಕೂಡಲೇ ಬೇರ್ಪಡಿಸಿ, ಒಣಗಿದ ತಂಪಾದ ಜಾಗದಲ್ಲಿಡಿ. ಯಂತ್ರ ಸರಿಹೋದ ಮೇಲೆ ಮೊದಲು ನಕಲು ಮಾಡಬೇಕಾದ ರೀಲೂ ಅದೇ. ನಕಲಿಗೆ ಸ್ಪೀಕರಿನ ಮುಂದೆ ಮೊಬೈಲು ಹಿಡಿಯುವುದು ಬೇಡ. ಯಂತ್ರದ ಹಿಂಭಾಗದ ಲೈನ್ ಔಟಿನಿಂದ, ಯುರೋಪಿನ ಯಂತ್ರಗಳಲ್ಲಾದರೆ ಐದು ಪಿನ್ನಿನ ಡಿನ್ ಸಾಕೆಟ್ಟಿನಿಂದ, ನೇರವಾಗಿ ರೆಕಾರ್ಡರಿಗೆ ತಂತಿ ಎಳೆಯಿರಿ. ಆಗ ಹೊಸದಾಗಿ ಗುಂಯ್ ಸದ್ದು ಸೇರಿಕೊಂಡರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು, ಬ್ಯಾಟರಿಯ ಮೇಲೆಯೇ ರೆಕಾರ್ಡ್ ಮಾಡಿ.