ಪೋಪ್ ಸಿಲ್ವೆಸ್ಟರ್ ಅವರ ಲೆಕ್ಕದ ಮಣೆ

ಕೇಳುಗರಿಗೆ ನಮಸ್ಕಾರ.

999ರಲ್ಲಿ ಎರಡನೇ ಸಿಲ್ವೆಸ್ಟರ್ ಎಂಬ ಹೆಸರು ತಾಳಿ ಪೋಪ್ ಆದ ಗೆರ್ಬರ್ಟ್, ಆ ಪೀಠವೇರಿದ ಮೊದಲ ಫ್ರೆಂಚರು. ಸೈತಾನನ ನೆರವಿನಿಂದ ಪೋಪ್ ಆದರೆಂಬ ಕಟ್ಟುಕಥೆ ಅವರು ತೀರಿಹೋದ ಮೇಲೆ ಬಹುಕಾಲ ಹರಿದಾಡಿತು. ಅವರ ನಿಜವಾದ ಸಾಧನೆ ಒಂದು ಲೆಕ್ಕದ ಮಣೆಯಲ್ಲಿದೆ.

ಫ್ರಾನ್ಸಿನ ಔರಿಯಾಕ್ ಮಠದಲ್ಲಿ ಓದುತ್ತಿದ್ದ ಗೆರ್ಬರ್ಟ್ ಎಂಬ ಈ ಹುಡುಗನನ್ನು 967ರಲ್ಲಿ ಬಾರ್ಸಿಲೋನಾದ ಸಾಮಂತ ಬೊರೆಲ್ ತನ್ನೊಡನೆ ಕರೆದೊಯ್ದ. ವಿಕ್ ಊರಿನ ಬಿಷಪ್ ಆಟೊ ಅವರ ಬಳಿ ಗಣಿತಾಭ್ಯಾಸ ನಡೆಯಿತು. ಪಕ್ಕದಲ್ಲೇ ಅರಬ್ಬರ ಸ್ಪೇನ್. ಭಾರತದ ಅಂಕಿಗಳು ಅಲ್ಲಿಗಾಗಲೇ ತಲುಪಿದ್ದವು.

ಮುಂದೆ ರೀಮ್ಸ್ ನಗರದಲ್ಲಿ ಗುರುವಾದಾಗ ಗೆರ್ಬರ್ಟ್ ಗುರಾಣಿ ಮಾಡುವವನೊಬ್ಬನಿಂದ ಮಣೆ ಮಾಡಿಸಿದರು. ಅದರಲ್ಲಿ 27 ಅಂಕಣಗಳು, ಜೊತೆಗೆ ಕೊಂಬಿನಿಂದ ಮಾಡಿದ 1000 ಬಿಲ್ಲೆಗಳು. ಬಿಲ್ಲೆಗಳ ಮೇಲೆ ಒಂದರಿಂದ ಒಂಬತ್ತರವರೆಗಿನ ಅಂಕಿಗಳು. ಸೊನ್ನೆ ಬೇಕಿರಲಿಲ್ಲ, ಅದರ ಜಾಗದಲ್ಲಿ ಅಂಕಣ ಖಾಲಿ ಬಿಟ್ಟರಾಯಿತು.

23ನ್ನು 14ರಿಂದ ಗುಣಿಸೋಣ. ಮೂರ್ನಾಲ್ಕಲಿ ಹನ್ನೆರಡು: ಬಿಡಿಯ ಅಂಕಣಕ್ಕೆ 2, ಹತ್ತರ ಅಂಕಣಕ್ಕೆ 1. ಇಪ್ಪತ್ತು ನಾಲ್ಕಲಿ ಎಂಬತ್ತು: ಹತ್ತರಲ್ಲಿ 8. ಮೂರು ಹತ್ತಲಿ ಮೂವತ್ತು: ಅಲ್ಲೇ 3. ಇಪ್ಪತ್ತು ಹತ್ತಲಿ ಇನ್ನೂರು: ನೂರರಲ್ಲಿ 2. ಈಗ ಹತ್ತರ ಅಂಕಣದ 1, 8, 3 ಸೇರಿ ಹನ್ನೆರಡು. ಆ ಮೂರನ್ನೂ ಎತ್ತಿ ಒಂದು 2 ಇಟ್ಟು, ದಶಕ ಒಂದನ್ನು ನೂರಕ್ಕೆ ದಾಟಿಸಿ. ನೂರರಲ್ಲಿ 3. ಉತ್ತರ 322. ಇದನ್ನೇ ರೋಮನ್ ಅಂಕಿಗಳಲ್ಲಿ ಮಾಡಿ ನೋಡಿ, ಮಣೆಯ ಬೆಲೆ ತಿಳಿಯುತ್ತದೆ!

ತೊಡಕುಗಳೂ ಇದ್ದವು. ಬಿಲ್ಲೆ ಒಂದು ಅಂಕಣ ಆಚೆ ಬಿದ್ದರೆ ಲೆಕ್ಕ ಹತ್ತು ಪಟ್ಟು ತಪ್ಪುತ್ತದೆ. ಬಿಲ್ಲೆ ಎತ್ತಿದ ಮೇಲೆ ನಡುವಿನ ಹಂತದ ಗುರುತೇ ಉಳಿಯದು, ತಪ್ಪು ಹುಡುಕಲು ಮೊದಲಿನಿಂದಲೇ ಶುರುಮಾಡಬೇಕು. ಬಿಲ್ಲೆ ತಿರುಗಿ ಕೂರುವುದೂ ಉಂಟು. ಅಂದಿನ ಹಸ್ತಪ್ರತಿಗಳಲ್ಲಿ ಕೆಲವು ಅಂಕಿಗಳು ಅಡ್ಡಡ್ಡ ಮಲಗಿರುವುದಕ್ಕೆ ಇದೇ ಕಾರಣವಿರಬಹುದೆಂದು ವಿದ್ವಾಂಸರ ಊಹೆ.

ಆಮೇಲೆ ಗೆರ್ಬರ್ಟ್ ಇಟಲಿಯ ಬೊಬ್ಬಿಯೊ ಮಠದ ಅಧಿಪತಿ, 991ರಲ್ಲಿ ರೀಮ್ಸ್‌ನ ಆರ್ಚ್‌ಬಿಷಪ್, 998ರಲ್ಲಿ ರವೆನ್ನಾದ ಆರ್ಚ್‌ಬಿಷಪ್, ಮರುವರ್ಷ ಪೋಪ್. 1003ರ ಮೇ 12ರಂದು ರೋಮ್‌ನಲ್ಲಿ ನಿಧನರಾದರು.

ಸೊನ್ನೆಯನ್ನೂ ಬಳಸುವ ಅರಬ್ಬಿ ಗಣಿತ ಲ್ಯಾಟಿನ್ನಿಗೆ ಬಂದದ್ದು 12ನೇ ಶತಮಾನದಲ್ಲಿ. ಆಗ ಅಂಕಣದ ಗೆರೆಗಳು ಬೇಡವಾದವು. ಆದರೆ ಒಂಬತ್ತು ಅಂಕಿಗಳ ಪರಿಚಯ ಮಠದ ಶಾಲೆಗಳಿಗೆ ಅಷ್ಟರಲ್ಲಿ ಆಗಿಹೋಗಿತ್ತು.